ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಹಳೆ ಕಡತ ಹುಡುಕಬೇಕೇ? ರೈಲು ಹತ್ತುವ ಮುನ್ನ ಇಷ್ಟು ತಿಳಿದಿರಲಿ

ನವದೆಹಲಿ: ಊರ ಕೆರೆಯ ಇತಿಹಾಸ ಬರೆಯಲು ಕುಳಿತ ನಿವೃತ್ತ ಮೇಷ್ಟ್ರು, ಪಿಎಚ್‌ಡಿಗೆ ಹೆಸರು ನೋಂದಾಯಿಸಿದ ವಿದ್ಯಾರ್ಥಿನಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಸೇರಿದ್ದ ಅಜ್ಜನ ಹೆಸರನ್ನು ಸರ್ಕಾರಿ ಕಾಗದದಲ್ಲಿ ಒಮ್ಮೆ ಕಣ್ಣಾರೆ ನೋಡಬೇಕು ಎನ್ನುವ ಮೊಮ್ಮಗ. ಇಂಥವರಿಗೆಲ್ಲ ಯಾರಾದರೊಬ್ಬರು ಕೊಡುವ ಸಲಹೆ ಒಂದೇ: 'ದೆಹಲಿಯ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಿ, ಅಲ್ಲಿ ಎಲ್ಲವೂ ಇದೆ.'

ಎಲ್ಲವೂ ಇಲ್ಲ. ಇರುವುದನ್ನು ಕೂಡ ವಿಷಯ ಹೇಳಿದ ತಕ್ಷಣ ತೆಗೆದುಕೊಡುವ ಹಾಗೆ ಜೋಡಿಸಿಟ್ಟಿಲ್ಲ. ಮುಂಬೈನಿಂದಲೋ ಚೆನ್ನೈನಿಂದಲೋ ನಾಲ್ಕು ದಿನ ರಜೆ ಹಾಕಿ ಹೋದವರ ಮೊದಲ ದಿನ ಪ್ರವೇಶದ ಕಾಗದಪತ್ರಕ್ಕೆ ಹೋಗುತ್ತದೆ, ಎರಡನೇ ದಿನ ಸೂಚಿ ಪುಸ್ತಕ ತಿರುವಿ ಹಾಕುವುದಕ್ಕೆ. ಮೂರನೇ ದಿನ ಕೊಟ್ಟ ಚೀಟಿಗಳಲ್ಲಿ ಕೆಲವು ಕಡತದ ಬದಲು ಒಂದು ಷರಾ ಹೊತ್ತು ವಾಪಸ್ ಬರುತ್ತವೆ. ನಾಲ್ಕನೇ ದಿನ ರೈಲು. ಮನೆಯಲ್ಲೇ ಕುಳಿತು ಒಂದು ವಾರ ತಯಾರಿ ಮಾಡಿಕೊಂಡರೆ ಈ ಅಲೆದಾಟದಲ್ಲಿ ಬಹುಪಾಲನ್ನು ತಪ್ಪಿಸಬಹುದು. ಹುಡುಕುತ್ತಿರುವ ಕಾಗದ ದೆಹಲಿಯಲ್ಲಿ ಇಲ್ಲವೇ ಇಲ್ಲ, ತಾವು ವಾಸವಿರುವ ಊರಿನಲ್ಲೇ ಇದೆ ಎಂಬುದು ಆಗ ಕೆಲವರಿಗೆ ಗೊತ್ತಾಗುತ್ತದೆ.

ವಿಷಯವಲ್ಲ, ಕಚೇರಿ

ರಾಷ್ಟ್ರೀಯ ಪತ್ರಾಗಾರ ಹುಟ್ಟಿದ್ದು ದೆಹಲಿಯಲ್ಲಲ್ಲ. 1891ರ ಮಾರ್ಚ್ 11ರಂದು ಕಲ್ಕತ್ತದಲ್ಲಿ 'ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್' ಎಂಬ ಹೆಸರಿನಲ್ಲಿ ಅದು ಆರಂಭವಾಯಿತು. ಮೊದಲ ಮುಖ್ಯಸ್ಥ ಜಿ.ಡಬ್ಲ್ಯೂ. ಫಾರೆಸ್ಟ್, ಅದಕ್ಕೂ ಮೊದಲು ಬಾಂಬೆಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ಅಲ್ಲಿನ ಸರ್ಕಾರಿ ದಾಖಲೆಗಳನ್ನು ಜೋಡಿಸಿ ಹೆಸರು ಮಾಡಿದ್ದವರು. ರಾಜಧಾನಿ ದೆಹಲಿಗೆ ಬಂದ ಮೇಲೆ ಲುಟ್ಯೆನ್ಸ್ ವಿನ್ಯಾಸದ ಕೆಂಪುಕಲ್ಲಿನ ಕಟ್ಟಡ 1926ರಲ್ಲಿ ಸಿದ್ಧವಾಯಿತು. ದಾಖಲೆಗಳೆಲ್ಲ ಬಂದು ಸೇರುವಷ್ಟರಲ್ಲಿ 1937 ಆಗಿತ್ತು. ಇಂದು ಜನಪಥ್ ಮತ್ತು ಕರ್ತವ್ಯ ಪಥ ಕೂಡುವಲ್ಲಿ, ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿಯಲ್ಲಿ ಅದು ಕೆಲಸ ಮಾಡುತ್ತಿದೆ.

ಈ ಹಿನ್ನೆಲೆ ಗೊತ್ತಿದ್ದರೆ ಒಂದು ಉಪಯೋಗವಿದೆ. ಇದು ಇತಿಹಾಸಕಾರರಿಗಾಗಿ ಕಟ್ಟಿದ ಗ್ರಂಥಾಲಯವಲ್ಲ. ಸರ್ಕಾರ ತನ್ನ ಹಳೆಯ ಕಾಗದಗಳನ್ನು ತನಗೇ ಬೇಕಾದಾಗ ಸಿಗಲಿ ಎಂದು ಇಟ್ಟುಕೊಂಡ ಉಗ್ರಾಣ. ಗ್ರಂಥಾಲಯದಲ್ಲಿ 'ಕೆರೆ', 'ಬರ', 'ದೇವಸ್ಥಾನ' ಎಂದು ವಿಷಯದ ಹೆಸರಲ್ಲಿ ಹುಡುಕಬಹುದು. ಇಲ್ಲಿ ಕಡತ ಇರುವುದು ಅದನ್ನು ಬರೆದ ಕಚೇರಿಯ ಹೆಸರಿನಲ್ಲಿ: ಗೃಹ ಇಲಾಖೆ, ವಿದೇಶಾಂಗ ಇಲಾಖೆ, ಕಂದಾಯ ಮತ್ತು ಕೃಷಿ, ಲೋಕೋಪಯೋಗಿ. ಇಲಾಖೆಯೊಳಗೆ ಶಾಖೆ, ಶಾಖೆಯೊಳಗೆ ವರ್ಷ, ವರ್ಷದೊಳಗೆ ತಿಂಗಳು, ತಿಂಗಳೊಳಗೆ ಸಂಖ್ಯೆ.

ಹಾಗಾಗಿ ಮನೆಯಲ್ಲಿ ಕುಳಿತು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ 'ನನ್ನ ವಿಷಯದ ಬಗ್ಗೆ ಏನೇನು ಇದೆ' ಎಂಬುದಲ್ಲ. 'ಈ ಸಂಗತಿ ನಡೆದಾಗ ಯಾವ ಅಧಿಕಾರಿ, ಯಾರಿಗೆ ಪತ್ರ ಬರೆದಿರಬಹುದು' ಎಂಬುದು. ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಕರ್ನಾಟಕದ ಕಾಗದ ಐದಾರು ಊರುಗಳಲ್ಲಿ

ಕನ್ನಡದ ವಿಷಯ ಹುಡುಕುವವರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಮುಖ್ಯ. 1956ರವರೆಗೆ ಕನ್ನಡ ನಾಡು ಒಂದೇ ಆಡಳಿತದಲ್ಲಿ ಇರಲಿಲ್ಲ. ಕಾಗದಗಳೂ ಒಂದೇ ಕಡೆ ಸೇರಲಿಲ್ಲ.

ಹಳೆಯ ಮೈಸೂರು ಮತ್ತು ಕೊಡಗಿನವರ ಅದೃಷ್ಟ ಇದರಲ್ಲಿ ಚೆನ್ನಾಗಿದೆ. ಮೈಸೂರು ದೇಶೀಯ ಸಂಸ್ಥಾನ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡು ಕಮಿಷನರ್ ನೇಮಿಸಿದ ಕಾಲದಲ್ಲೂ, 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಒಪ್ಪಿಸಿದ ಮೇಲೂ, ಮೈಸೂರಿನ ಮುಖ್ಯ ಸಂಗತಿಗಳು ಭಾರತ ಸರ್ಕಾರದ ಮುಂದೆ ಹೋಗುತ್ತಿದ್ದವು. ದೇಶೀಯ ಸಂಸ್ಥಾನಗಳ ವ್ಯವಹಾರ ನೋಡಿಕೊಳ್ಳುತ್ತಿದ್ದುದು ವಿದೇಶಾಂಗ ಇಲಾಖೆ. ಮೈಸೂರಿನ ಕಾಗದ ಗೃಹ ಇಲಾಖೆಯಲ್ಲಿ ಸಿಗಲಿಲ್ಲ ಎಂದು ಕೈಚೆಲ್ಲಿದವರಿಗೆ ಅದು 'ಫಾರಿನ್' ಎಂಬ ಕಪಾಟಿನಲ್ಲಿ ಕಾಯುತ್ತಿರುತ್ತದೆ. 1914ರ ನಂತರ ಇದೇ ಇಲಾಖೆಯ ಹೆಸರು 'ಫಾರಿನ್ ಅಂಡ್ ಪೊಲಿಟಿಕಲ್'. 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಚೀಫ್ ಕಮಿಷನರ್ ಪ್ರಾಂತ್ಯವಾಗಿ ನೇರ ಭಾರತ ಸರ್ಕಾರದ ಅಧೀನದಲ್ಲಿತ್ತು. ಗಾತ್ರದಲ್ಲಿ ಪುಟ್ಟದಾದ ಆ ಪ್ರಾಂತ್ಯದ ಬಗ್ಗೆ ದೆಹಲಿಯಲ್ಲಿ ಇಷ್ಟು ಕಾಗದ ಸಿಗಲು ಇದೇ ಕಾರಣ.

ಉಳಿದವರ ಕಥೆ ಬೇರೆ. ಬೆಳಗಾವಿ, ಧಾರವಾಡ, ವಿಜಯಪುರದ ಕಲೆಕ್ಟರ್ ಬರೆಯುತ್ತಿದ್ದುದು ಬಾಂಬೆಗೆ. ಆ ಕಡತಗಳು ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಕಾಲಾ ಘೋಡಾ ಬಳಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡವೇ ಬಹುಕಾಲದಿಂದ ಅದರ ವಿಳಾಸ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದವು, ಅವುಗಳ ಕಾಗದ ಚೆನ್ನೈನ ಎಗ್ಮೋರ್ ರೈಲು ನಿಲ್ದಾಣದ ಪಕ್ಕದ ತಮಿಳುನಾಡು ಪತ್ರಾಗಾರದಲ್ಲಿ. ಉತ್ತರ ಕನ್ನಡದ್ದು ಸ್ವಲ್ಪ ವಿಚಿತ್ರ. 1862ರವರೆಗೆ ಅದು ಮದ್ರಾಸ್, ಆಮೇಲೆ ಬಾಂಬೆ. ಕಾರವಾರ, ಶಿರಸಿಯ ಬಗ್ಗೆ ಹತ್ತೊಂಬತ್ತನೇ ಶತಮಾನ ಪೂರ್ತಿ ನೋಡಬೇಕೆಂದರೆ ಎರಡೂ ಊರಿನ ಮೆಟ್ಟಿಲು ಹತ್ತಬೇಕು. ಬೀದರ್, ಕಲಬುರಗಿ, ರಾಯಚೂರಿನದ್ದು ನಿಜಾಮರ ಆಡಳಿತ. ಅದರ ಕಾಗದಕ್ಕೆ ಹೈದರಾಬಾದ್‌ನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು, ಜೊತೆಗೆ ಉರ್ದು ಅಥವಾ ಪಾರ್ಸಿ ಓದಬಲ್ಲವರೊಬ್ಬರು ಬೇಕು. ಪೇಶ್ವೆ ಕಾಲದ ಉತ್ತರ ಕರ್ನಾಟಕ ಬೇಕಾದವರಿಗೆ ಪುಣೆಯ ಪೇಶ್ವೆ ದಫ್ತರ. ಅಲ್ಲಿ ಮೋಡಿ ಲಿಪಿ ಬಾರದಿದ್ದರೆ ಒಂದು ಸಾಲೂ ಮುಂದೆ ಹೋಗುವುದಿಲ್ಲ.

ಈ ಪ್ರಾಂತ್ಯಗಳ ಸಂಗತಿಯಲ್ಲಿ ದೆಹಲಿಗೆ ಬಂದಿರುವುದು ಬಾಂಬೆ ಅಥವಾ ಮದ್ರಾಸ್ ಸರ್ಕಾರ 'ಇದನ್ನು ಮೇಲಿನವರಿಗೆ ತಿಳಿಸಬೇಕು' ಎಂದುಕೊಂಡಷ್ಟು ಮಾತ್ರ. ಧಾರವಾಡದ ಒಂದು ಹಳ್ಳಿಯ ಜಮೀನು ತಕರಾರು ದೆಹಲಿಯವರೆಗೆ ಬಂದಿರುವುದು ಅಪರೂಪ. ಹೊರನಾಡಿನಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಒಂದು ಅನುಕೂಲವೂ ಉಂಟು: ಮುಂಬೈನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯವರಿಗೆ, ಚೆನ್ನೈನಲ್ಲಿರುವ ಮಂಗಳೂರಿನವರಿಗೆ ಮನೆತನದ ಊರಿನ ಕಾಗದ ಲೋಕಲ್ ರೈಲಿನ ದೂರದಲ್ಲಿದೆ.

ಒಂದು ಉದಾಹರಣೆ: 1898ರ ಪ್ಲೇಗ್

ಇದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಬೆಂಗಳೂರಿನ ಪ್ಲೇಗ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1896ರಲ್ಲಿ ಬಾಂಬೆಯಲ್ಲಿ ಕಾಣಿಸಿಕೊಂಡ ರೋಗ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಅದೇ ವರ್ಷ ಹುಬ್ಬಳ್ಳಿಯಲ್ಲೂ ಅದರ ಹಾವಳಿ ಜೋರಾಗಿತ್ತು. 'ಪ್ಲೇಗ್, ಕರ್ನಾಟಕ' ಎಂಬ ಕಡತ ಯಾವ ಪತ್ರಾಗಾರದಲ್ಲೂ ಇಲ್ಲ. ಆಗ ಕರ್ನಾಟಕ ಎಂಬ ಆಡಳಿತ ಘಟಕವೇ ಇರಲಿಲ್ಲ.

ಬೆಂಗಳೂರು ಒಂದೇ ಊರಾದರೂ ಆಡಳಿತ ಎರಡು. ಪೇಟೆ ಮೈಸೂರು ಸರ್ಕಾರದ್ದು. ದಂಡು ಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟ್‌ನ ಕೈಯಲ್ಲಿತ್ತು. ಚಿಕ್ಕಪೇಟೆಯಲ್ಲಿ ಸತ್ತವರ ಲೆಕ್ಕಕ್ಕೆ, ಮನೆಗಳನ್ನು ತೆರವುಗೊಳಿಸಿದ ಆದೇಶಕ್ಕೆ ಮೊದಲು ನೋಡಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಕಡತ. ದಂಡು ಪ್ರದೇಶದ್ದು ಬೇಕೆಂದರೆ ರೆಸಿಡೆಂಟ್ ಬರೆದ ಪತ್ರ, ಅಂದರೆ ದೆಹಲಿಯ ವಿದೇಶಾಂಗ ಇಲಾಖೆ. ಇಡೀ ದೇಶದ ಪ್ಲೇಗ್ ನೀತಿ, 1897ರ ಸಾಂಕ್ರಾಮಿಕ ರೋಗ ಕಾಯ್ದೆಯಡಿ ಮಾಡಿದ ನಿಯಮಗಳು ಬೇಕೆಂದರೆ ದೆಹಲಿಯಲ್ಲೇ ಗೃಹ ಇಲಾಖೆಯ ಸ್ಯಾನಿಟರಿ ಶಾಖೆ. ಹುಬ್ಬಳ್ಳಿಯದ್ದು ಬೇಕೆಂದರೆ ದೆಹಲಿಗೆ ಹೋಗುವುದೇ ಬೇಡ. ಮುಂಬೈನಲ್ಲಿ ಜನರಲ್ ಡಿಪಾರ್ಟ್‌ಮೆಂಟ್‌ನ ಪ್ಲೇಗ್ ಸಂಪುಟಗಳನ್ನು ತೆಗೆಸಬೇಕು.

ಒಂದೇ ರೋಗ, ಒಂದೇ ವರ್ಷ, ಎರಡು ಊರು. ಹುಡುಕಬೇಕಾದ ಜಾಗ ನಾಲ್ಕು. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೊರಟವರು ಮೊದಲ ದಿನವೇ ಸರಿಯಾದ ಚೀಟಿ ಕೊಡುತ್ತಾರೆ.

ಯಾವ ಕಾಲದಲ್ಲಿ ಯಾವ ಊರು ಯಾರ ಅಧೀನದಲ್ಲಿತ್ತು ಎಂದು ತಿಳಿಯಲು ಗೆಜೆಟಿಯರ್‌ಗಳೇ ಸಾಕು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್, ಆನಂತರ ಸಿ. ಹಯವದನರಾಯರು ಸಂಪಾದಿಸಿದ್ದು, ಬಾಂಬೆ ಪ್ರೆಸಿಡೆನ್ಸಿಯ ಜಿಲ್ಲಾ ಸಂಪುಟಗಳು, ಇವೆಲ್ಲ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಈಗಾಗಲೇ ಅದೇ ವಿಷಯದ ಮೇಲೆ ಯಾರಾದರೂ ಪುಸ್ತಕ ಬರೆದಿದ್ದರೆ ಅದರ ಅಡಿಟಿಪ್ಪಣಿಗಳನ್ನು ಬಿಡದೆ ಓದಬೇಕು. ಸರಿಯಾದ ಕಡತ ಸಂಖ್ಯೆ ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕಡತ ಸಂಖ್ಯೆ ಯಾರ ಸ್ವತ್ತೂ ಅಲ್ಲ.

ಅಭಿಲೇಖ್ ಪಟಲ್: ಹೊರಡುವ ಮುನ್ನ ಒಂದು ಸುತ್ತು

ರಾಷ್ಟ್ರೀಯ ಪತ್ರಾಗಾರದ ಆನ್‌ಲೈನ್ ಪೋರ್ಟಲ್ ಹೆಸರು ಅಭಿಲೇಖ್ ಪಟಲ್. ಹೆಸರು, ಇಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಸೂಚಿಯಲ್ಲಿ ಹುಡುಕಬಹುದು. ಸ್ಕ್ಯಾನ್ ಆಗಿರುವ ಕಡತಗಳನ್ನು ಮನೆಯಲ್ಲೇ ಓದಬಹುದು. ದೆಹಲಿಗೆ ಹೋಗಿ ಕೇಳಿದ ಕಡತ ಪೋರ್ಟಲ್‌ನಲ್ಲೇ ಇದೆ ಎಂದು ಅಲ್ಲಿ ಗೊತ್ತಾಗುವುದಕ್ಕಿಂತ ಬೇಸರದ ಸಂಗತಿ ಬೇರೆ ಇಲ್ಲ.

ಇದರಲ್ಲಿ ಹುಡುಕುವಾಗ ಎರಡು ತೊಡಕು ಬರುತ್ತವೆ. ಒಂದು, ಹೆಸರುಗಳು. ಈ ಸೂಚಿಗಳನ್ನು ಬರೆದದ್ದು ಇಂಗ್ಲಿಷ್ ಗುಮಾಸ್ತರ ಕಿವಿಗೆ ಬಿದ್ದ ಹಾಗೆ. ಶ್ರೀರಂಗಪಟ್ಟಣ 'ಸೆರಿಂಗಪಟಂ' ಆಗಿದೆ, ಚಿತ್ರದುರ್ಗ 'ಚಿತಲ್‌ಡ್ರೂಗ್', ಮಡಿಕೇರಿ 'ಮರ್ಕಾರ', ಧಾರವಾಡ 'ಧಾರ್ವಾರ್'. ಮಲೆನಾಡಿನ ನಗರ ಒಂದು ಕಡೆ 'ನಗ್ಗರ್', ಇನ್ನೊಂದು ಕಡೆ 'ಬೆದನೋರ್'. ಟಿಪ್ಪುವಿನ ಹೆಸರಿನ ಕೊನೆಗೆ ಒಮ್ಮೆ ಒಂದು 'ಯು', ಇನ್ನೊಮ್ಮೆ ಎರಡು 'ಓ'. ಬೆಂಗಳೂರು, ಮೈಸೂರು, ಮಂಗಳೂರನ್ನು ಇಂದಿನ ಅಧಿಕೃತ ಕಾಗುಣಿತದಲ್ಲಿ ಟೈಪ್ ಮಾಡಿದರೆ ಹಳೆಯ ಕಡತ ಒಂದೂ ಬರುವುದಿಲ್ಲ. ಒಂದು ಊರಿಗೆ ಕನಿಷ್ಠ ಮೂರು ನಾಲ್ಕು ಕಾಗುಣಿತ ಬರೆದಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬೇಕು.

ಇನ್ನೊಂದು ತೊಡಕು ಪದಗಳದ್ದು. ಕಡತ ಬರೆದವರು ಆಳುವವರು. ನಾವು ಹೋರಾಟ ಎನ್ನುವುದನ್ನು ಅವರು 'ಡಿಸ್ಟರ್ಬೆನ್ಸಸ್' ಎಂದರು, ರೈತರ ದಂಗೆಯನ್ನು 'ಇನ್‌ಸರೆಕ್ಷನ್' ಎಂದರು, ಪತ್ರಿಕೆಯ ಲೇಖನವನ್ನು 'ಸೆಡಿಷನ್' ಎಂದರು. ಜನ ಕೊಟ್ಟ ಮನವಿ ಸೂಚಿಯಲ್ಲಿ 'ಪಿಟಿಷನ್' ಅಥವಾ 'ಮೆಮೋರಿಯಲ್' ಆಗಿರುತ್ತದೆ. 1830–31ರ ನಗರದ ರೈತ ದಂಗೆಯನ್ನು ಹುಡುಕುವವರು ಈ ಪದಗಳ ಜೊತೆಗೆ, ಅದರ ತನಿಖೆಗೆಂದು ನೇಮಕವಾಗಿ 1833ರಲ್ಲಿ ವರದಿ ಕೊಟ್ಟ ಸಮಿತಿಯ ಸದಸ್ಯರ ಹೆಸರನ್ನೂ ಹಾಕಿ ನೋಡಬೇಕು: ಹಾಕರ್, ಮಾರಿಸನ್, ಮ್ಯಾಕ್ಲಿಯೋಡ್, ಕಬ್ಬನ್. ಊರಿನ ಹೆಸರು ಕೈಕೊಟ್ಟ ಕಡೆ ಅಧಿಕಾರಿಯ ಹೆಸರು ಕೆಲಸ ಮಾಡುತ್ತದೆ.

ಪೋರ್ಟಲ್‌ನಲ್ಲಿ ಬಾರದ್ದು ಪತ್ರಾಗಾರದಲ್ಲಿ ಇಲ್ಲ ಎಂದೇನೂ ಅರ್ಥವಲ್ಲ. ಅಚ್ಚಾದ ಹಳೆಯ ಸೂಚಿ ಪುಸ್ತಕಗಳು ಸಂಶೋಧನಾ ಕೊಠಡಿಯಲ್ಲಿ ಇವೆ. ವರ್ಷವಾರು, ಇಲಾಖಾವಾರು ಇರುವ ಇವುಗಳನ್ನು ತಾಳ್ಮೆಯಿಂದ ತಿರುವಿದರೆ ಕಂಪ್ಯೂಟರ್ ತೋರಿಸದ ಎಷ್ಟೋ ಕಡತಗಳ ಸುಳಿವು ಸಿಗುತ್ತದೆ.

ಬಾಗಿಲಲ್ಲಿ ಏನು ಕೇಳುತ್ತಾರೆ

1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ, ಗೋಪ್ಯ ಎಂದು ವರ್ಗೀಕರಿಸದ ಮತ್ತು 30 ವರ್ಷಕ್ಕಿಂತ ಹಳೆಯದಾದ ದಾಖಲೆಗಳನ್ನು ನಿಜವಾದ ಸಂಶೋಧಕರಿಗೆ ನೋಡಲು ಕೊಡಬಹುದು. 'ನಿಜವಾದ ಸಂಶೋಧಕ' ಎಂದು ತೋರಿಸುವುದು ಹೇಗೆ ಎಂಬುದೇ ಹಲವರ ಅಳುಕು. ವಿಶ್ವವಿದ್ಯಾಲಯದವರಿಗೆ ಮಾರ್ಗದರ್ಶಕರ ಅಥವಾ ವಿಭಾಗದ ಮುಖ್ಯಸ್ಥರ ಪತ್ರ ಲೆಟರ್‌ಹೆಡ್‌ನಲ್ಲಿ ಇದ್ದರೆ ಸಾಕು. ಯಾವ ಸಂಸ್ಥೆಗೂ ಸೇರದವರು, ಅಂದರೆ ನಿವೃತ್ತರು, ಹವ್ಯಾಸಿ ಬರಹಗಾರರು, ಮನೆತನದ ಇತಿಹಾಸ ಹುಡುಕುವವರು, ಹೊರಡುವ ಎರಡು ಮೂರು ವಾರ ಮೊದಲೇ ಪತ್ರಾಗಾರಕ್ಕೆ ಇಮೇಲ್ ಬರೆದು, ವಿಷಯ, ಕಾಲಾವಧಿ, ಬೇಕಾದ ಇಲಾಖೆ ತಿಳಿಸಿ ಉತ್ತರ ಪಡೆದುಕೊಳ್ಳುವುದು ಕ್ಷೇಮ. ಆ ಉತ್ತರದ ಪ್ರಿಂಟ್, ಗುರುತಿನ ಚೀಟಿಯ ಮೂಲ ಮತ್ತು ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೋ ಜೊತೆಗಿರಲಿ.

ವಿಷಯದ ವಿವರಣೆಯನ್ನು ತೀರಾ ಇಕ್ಕಟ್ಟಾಗಿ ಬರೆಯಬಾರದು. 'ಕೆರೆಗಳು, ತುಮಕೂರು, 1885' ಎಂದು ಬರೆದು, ಆಮೇಲೆ 1870ರ ದಶಕದ ಬರಗಾಲದ ಕಡತ ಕೇಳಿದರೆ ವಿವರಣೆ ಕೊಡುತ್ತಾ ಕೂರಬೇಕಾದೀತು. 'ಮೈಸೂರು ಸಂಸ್ಥಾನದ ನೀರಾವರಿ ಮತ್ತು ಕೃಷಿ, 1831–1947' ಎಂದರೆ ಕೈಕಾಲು ಆಡಿಸಲು ಜಾಗವಿರುತ್ತದೆ.

ಹೋಗುವುದು ಸುಲಭ. ಮೆಟ್ರೋದಲ್ಲಿ ಸೆಂಟ್ರಲ್ ಸೆಕ್ರೆಟರಿಯೇಟ್ ಅಥವಾ ಜನಪಥ್ ನಿಲ್ದಾಣದಲ್ಲಿ ಇಳಿಯಬಹುದು. ಯಾವಾಗ ಹೋಗಬೇಕು ಎಂಬುದಕ್ಕೆ ಮಾತ್ರ ಸ್ವಲ್ಪ ಯೋಚನೆ ಬೇಕು. ಪತ್ರಾಗಾರ ಇರುವುದೇ ಗಣರಾಜ್ಯೋತ್ಸವದ ಮೆರವಣಿಗೆಯ ರಸ್ತೆಯಲ್ಲಿ. ಜನವರಿಯ ಎರಡನೇ ಭಾಗದಲ್ಲಿ ತಾಲೀಮು, ಭದ್ರತೆ, ರಸ್ತೆ ಬಂದ್ ಎಂದು ಅಲ್ಲಿ ಓಡಾಟವೇ ಕಷ್ಟ. ಕೇಂದ್ರ ಸರ್ಕಾರದ ರಜಾಪಟ್ಟಿ ನೋಡದೆ ಟಿಕೆಟ್ ಮಾಡಿಸಿದವರು ದೀಪಾವಳಿ, ಹೋಳಿಯ ಆಸುಪಾಸು ಸಿಕ್ಕಿಬೀಳುತ್ತಾರೆ. ಸೆಂಟ್ರಲ್ ವಿಸ್ತಾ ಕಾಮಗಾರಿಯಿಂದಾಗಿ ಈ ಪ್ರದೇಶದ ಕಟ್ಟಡಗಳ ನಕ್ಷೆಯೂ ಬದಲಾಗುತ್ತಿದೆ. ಪತ್ರಾಗಾರದ ಅನೆಕ್ಸ್ ಕಟ್ಟಡ ಕೆಡವುವ ಪ್ರಸ್ತಾವ ಬಂದಾಗ 2021ರಲ್ಲಿ ದೇಶ ವಿದೇಶದ ವಿದ್ವಾಂಸರು ಆತಂಕ ವ್ಯಕ್ತಪಡಿಸಿದ್ದರು. ಲುಟ್ಯೆನ್ಸ್ ಕಾಲದ ಮುಖ್ಯ ಕಟ್ಟಡಕ್ಕೆ ಧಕ್ಕೆ ಇಲ್ಲ ಎಂದು ಸರ್ಕಾರ ಹೇಳಿತ್ತು. ಹೀಗಿರುವಾಗ, ಬೇಕಾದ ಸಂಗ್ರಹ ಆ ವಾರ ಓದಲು ಲಭ್ಯವಿದೆಯೇ ಎಂಬ ಒಂದು ಸಾಲನ್ನೂ ಆ ಇಮೇಲ್‌ನಲ್ಲಿ ಸೇರಿಸುವುದು ಜಾಣತನ.

ಒಳಗೆ ಕುಳಿತ ಮೇಲೆ

ಚೀಲ ಹೊರಗೆ. ಒಳಗೆ ಪೆನ್ಸಿಲ್, ಬಿಡಿ ಹಾಳೆ, ಲ್ಯಾಪ್‌ಟಾಪ್. ಶಾಯಿಯ ಪೆನ್ನು ಹಳೆ ಕಾಗದದ ಹತ್ತಿರ ಬರಬಾರದು ಎಂಬುದು ಜಗತ್ತಿನ ಎಲ್ಲ ಪತ್ರಾಗಾರಗಳ ನಿಯಮ. ಮೊಬೈಲ್‌ನಲ್ಲಿ ಫೋಟೋ ತೆಗೆಯಬಹುದೇ ಎಂದು ಕೌಂಟರ್‌ನಲ್ಲಿ ಕೇಳದೆ ಕ್ಯಾಮೆರಾ ಎತ್ತಬಾರದು. ಪ್ರತಿ ಬೇಕಾದವರು ಅರ್ಜಿ ಹಾಕಿ, ಶುಲ್ಕ ಕಟ್ಟಿ ಪಡೆಯುವುದು ಕ್ರಮ. ಅದು ಕೈಗೆ ಬರಲು ದಿನಗಳು ಹಿಡಿಯುವುದರಿಂದ ಪ್ರತಿ ಕೇಳುವ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು.

ಕಡತ ಬೇಕಾದರೆ ಚೀಟಿ ತುಂಬಬೇಕು: ಇಲಾಖೆ, ಶಾಖೆ, ವರ್ಷ, ತಿಂಗಳು, ಸಂಖ್ಯೆ. ಇದರಲ್ಲಿ ಒಂದು ತಪ್ಪಾದರೂ ಚೀಟಿ ಖಾಲಿ ಕೈಯಲ್ಲಿ ಹಿಂತಿರುಗುತ್ತದೆ. ಚೀಟಿ ಕೊಡುವ ವೇಳೆ ಮತ್ತು ದಿನಕ್ಕೆ ಎಷ್ಟು ಎಂಬ ಮಿತಿಯನ್ನು ಮೊದಲ ಗಂಟೆಯಲ್ಲೇ ಕೇಳಿಕೊಳ್ಳಿ. ಕಡತ ಉಗ್ರಾಣದಿಂದ ಬರಲು ಸಮಯ ಬೇಕು, ಆದ್ದರಿಂದ ಬೆಳಗ್ಗೆ ಬಂದ ತಕ್ಷಣ ಚೀಟಿ ಕೊಟ್ಟು, ಕಾಯುವ ಹೊತ್ತಿನಲ್ಲಿ ಮರುದಿನದ ಸೂಚಿ ನೋಡುವುದು ಅನುಭವಿಗಳ ರೂಢಿ. ಕೌಂಟರ್‌ನ ಸಿಬ್ಬಂದಿಯ ಜೊತೆ ನಾಲ್ಕು ಮಾತು ಹಿಂದಿಯಲ್ಲಿ ಆಡುವುದು ನಷ್ಟದ ಬಾಬತ್ತಲ್ಲ. ಯಾವ ಸಂಗ್ರಹಕ್ಕೆ ಕೈಬರಹದ ಪಟ್ಟಿ ಬೇರೆ ಇದೆ, ಯಾವುದು ಈಗ ರಿಪೇರಿಗೆ ಹೋಗಿದೆ ಎಂಬುದು ಯಾವ ವೆಬ್‌ಸೈಟ್‌ಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು.

ಸೂಚಿಯಲ್ಲಿ ಕಾಣುವ ಅಕ್ಷರಗಳ ಅರ್ಥ ತಿಳಿದಿದ್ದರೆ ಚೀಟಿಗಳು ವ್ಯರ್ಥವಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಕಡತಗಳಲ್ಲಿ 'ಎ' ಎಂದರೆ ಮುಖ್ಯವೆಂದು ಅಚ್ಚು ಹಾಕಿಸಿದ ನಡವಳಿ. 'ಬಿ' ಅಷ್ಟು ಮುಖ್ಯವಲ್ಲ ಎಂದು ಅಚ್ಚಾಗದೆ ಉಳಿದದ್ದು. 'ಡೆಪಾಸಿಟ್' ಅದಕ್ಕಿಂತ ಕೆಳಗಿನದು. ಸರ್ಕಾರಕ್ಕೆ ಮುಖ್ಯವಲ್ಲದ್ದು ಓದುಗರಿಗೆ ಮುಖ್ಯವಲ್ಲ ಎಂದೇನಿಲ್ಲ. ಸಾಮಾನ್ಯ ಜನರ ಅರ್ಜಿ, ಸಣ್ಣ ನೌಕರನ ಗೋಳು, ಊರಿನ ಜಗಳ 'ಬಿ'ಯಲ್ಲಿ ಸಿಗುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು 'ಕೆ.ಡಬ್ಲ್ಯೂ.', ಅಂದರೆ 'ಕೀಪ್ ವಿತ್'. ಕಡತದ ಜೊತೆಗಿರಲಿ ಎಂದು ಕಟ್ಟಿಟ್ಟ ಒಳಗಿನ ಟಿಪ್ಪಣಿಗಳು. ಹೊರಗೆ ಹೋದ ಪತ್ರದಲ್ಲಿ 'ಮಾನ್ಯ ಮಹಾರಾಜರ ಕೋರಿಕೆಯನ್ನು ಪರಿಶೀಲಿಸಲಾಗುವುದು' ಎಂಬ ಧಾಟಿಯ ಸಭ್ಯ ಮಾತು ಇರುತ್ತದೆ. ಆ ಕೋರಿಕೆಯ ಬಗ್ಗೆ ಅಧಿಕಾರಿಗಳು ತಮ್ಮತಮ್ಮಲ್ಲಿ ಏನು ಬರೆದುಕೊಂಡರು, ಯಾರು ಒಪ್ಪಿದರು, ಯಾರು ಅಡ್ಡಗಾಲು ಹಾಕಿದರು ಎಂಬುದು ಟಿಪ್ಪಣಿಯಲ್ಲಿರುತ್ತದೆ. ಈಗಿನ ಸರ್ಕಾರಿ ಕಡತದಲ್ಲಿ ಟಿಪ್ಪಣಿ ಭಾಗ, ಪತ್ರ ವ್ಯವಹಾರ ಭಾಗ ಎಂದು ಬೇರೆ ಬೇರೆ ಇರುವ ಹಾಗೆಯೇ. ಪತ್ರ ಮಾತ್ರ ನಕಲು ಮಾಡಿಕೊಂಡು ಟಿಪ್ಪಣಿ ಬಿಟ್ಟು ಬಂದವರು ಕಥೆಯ ಅರ್ಧವನ್ನೇ ಬಿಟ್ಟು ಬಂದಿದ್ದಾರೆ.

ಕಾಗದ ಮುಟ್ಟುವಾಗ ಎಚ್ಚರ ಬೇಕು. ನೂರು ವರ್ಷ ಹಳೆಯ ಹಾಳೆಯ ಅಂಚು ಹಪ್ಪಳದಂತೆ ಮುರಿಯುತ್ತದೆ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಚೀಟಿ ಖಾಲಿ ಬಂದರೆ

ಹಿಂತಿರುಗಿದ ಚೀಟಿಯ ಮೇಲೆ ಏನು ಬರೆದಿದ್ದಾರೆ ನೋಡಿ, ಮುಂದಿನ ದಾರಿ ಅದರಲ್ಲಿದೆ. 'ಬ್ರಿಟಲ್' ಎಂದಿದ್ದರೆ ಕಡತ ಇದೆ, ಆದರೆ ಕೈಗೆ ಕೊಡುವ ಸ್ಥಿತಿಯಲ್ಲಿಲ್ಲ. ಮೈಕ್ರೋಫಿಲ್ಮ್ ಅಥವಾ ಸ್ಕ್ಯಾನ್ ಪ್ರತಿ ಇದೆಯೇ ಎಂದು ಕೇಳಬೇಕು, ಇಲ್ಲವಾದರೆ ರಿಪೇರಿ ಮಾಡಿ ಸ್ಕ್ಯಾನ್ ಮಾಡುವಂತೆ ಲಿಖಿತ ಮನವಿ ಕೊಡಬೇಕು. ಬೇರೆಯವರು ಓದುತ್ತಿದ್ದಾರೆ ಎಂದಿದ್ದರೆ ಎರಡು ದಿನ ಬಿಟ್ಟು ಮತ್ತೆ ಚೀಟಿ. 'ಎನ್‌ಟಿ' ಎಂದಿದ್ದರೆ 'ನಾಟ್ ಟ್ರಾನ್ಸ್‌ಫರ್ಡ್': ಸಚಿವಾಲಯ ಆ ಕಡತವನ್ನು ಪತ್ರಾಗಾರಕ್ಕೆ ಕಳಿಸಿಯೇ ಇಲ್ಲ.

ಈ 'ಎನ್‌ಟಿ' ಎಷ್ಟು ದೊಡ್ಡ ಸಮಸ್ಯೆ ಎಂಬುದನ್ನು ಸ್ವತಃ ಪತ್ರಾಗಾರದ ಮಹಾನಿರ್ದೇಶಕರೇ 2022ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದ್ದರು. ಕೇಂದ್ರದಲ್ಲಿ 151 ಸಚಿವಾಲಯ ಮತ್ತು ಇಲಾಖೆಗಳಿದ್ದರೂ, ಪತ್ರಾಗಾರದಲ್ಲಿ ದಾಖಲೆ ಇರುವುದು ಅವುಗಳಲ್ಲಿ 36ರದ್ದು ಮಾತ್ರ. 1962, 1965 ಮತ್ತು 1971ರ ಯುದ್ಧಗಳದ್ದಾಗಲಿ ಹಸಿರು ಕ್ರಾಂತಿಯದ್ದಾಗಲಿ ಕಡತ ತಮ್ಮಲ್ಲಿ ಇಲ್ಲ ಎಂದು ಅವರು ತಿಳಿಸಿದ್ದರು. ಸ್ವಾತಂತ್ರ್ಯಾನಂತರದ ವಿಷಯ ಆರಿಸಿಕೊಳ್ಳುವ ಯುವ ಸಂಶೋಧಕರು ಗಮನಿಸಬೇಕಾದ ಮಾತಿದು. 1890ರ ಒಂದು ಸಣ್ಣ ಘಟನೆಗೆ ಸಿಗುವಷ್ಟು ಕಾಗದ 1970ರ ದೊಡ್ಡ ಘಟನೆಗೆ ಸಿಗದಿರಬಹುದು. ಪ್ರಬಂಧದ ವಿಷಯ ನೋಂದಾಯಿಸುವ ಮೊದಲೇ ಇದನ್ನು ಪರೀಕ್ಷಿಸಿಕೊಂಡರೆ ಎರಡು ವರ್ಷ ಉಳಿಯುತ್ತದೆ.

ವರ್ಗಾವಣೆಯಾಗದ ಕಡತಕ್ಕೆ ಮಾಹಿತಿ ಹಕ್ಕು ಕಾಯ್ದೆ ಒಂದು ದಾರಿ. ಸಂಬಂಧಪಟ್ಟ ಸಚಿವಾಲಯಕ್ಕೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 20 ವರ್ಷಕ್ಕಿಂತ ಹಿಂದಿನ ಘಟನೆಯಾಗಿದ್ದರೆ, ದೇಶದ ಭದ್ರತೆ, ಸಂಸತ್ತಿನ ಹಕ್ಕುಚ್ಯುತಿ, ಸಂಪುಟದ ಕಾಗದಪತ್ರ ಎಂಬ ಮೂರು ಕಾರಣ ಬಿಟ್ಟು ಕಾಯ್ದೆಯ 8ನೇ ಸೆಕ್ಷನ್‌ನ ಉಳಿದ ವಿನಾಯಿತಿಗಳನ್ನು ಮುಂದೆ ಮಾಡುವಂತಿಲ್ಲ. 'ಎಲ್ಲ ಮಾಹಿತಿ ಕೊಡಿ' ಎಂದು ಕೇಳದೆ ಹಳೆಯ ಸೂಚಿಯಲ್ಲಿ ಸಿಕ್ಕ ಕಡತ ಸಂಖ್ಯೆಯನ್ನೇ ಬರೆದು ಕೇಳಬೇಕು. ಸಂಖ್ಯೆ ಕಂಡ ಅಧಿಕಾರಿಗೆ 'ಅಂಥದ್ದಿಲ್ಲ' ಎಂದು ಉತ್ತರಿಸುವುದು ಕಷ್ಟ.

ಸರ್ಕಾರದ ಕಾಗದದಲ್ಲಿ ಇಲ್ಲದ್ದು ವ್ಯಕ್ತಿಗಳ ಪತ್ರಗಳಲ್ಲಿ ಸಿಗುವುದೂ ಉಂಟು. ಪತ್ರಾಗಾರದಲ್ಲೇ ಖಾಸಗಿ ಪತ್ರಗಳ ಪ್ರತ್ಯೇಕ ಸಂಗ್ರಹವಿದೆ. ಸ್ವಲ್ಪ ದೂರದ ತೀನ್ ಮೂರ್ತಿಯಲ್ಲಿರುವ ಪ್ರಧಾನ ಮಂತ್ರಿಗಳ ಸಂಗ್ರಹಾಲಯ ಮತ್ತು ಗ್ರಂಥಾಲಯದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಕಾಗದಪತ್ರಗಳಿವೆ. ಕರ್ನಾಟಕ ಪ್ರಾಂತೀಯ ಕಾಂಗ್ರೆಸ್‌ನವರು ಕೇಂದ್ರಕ್ಕೆ ಬರೆದ ಪತ್ರ ಹುಡುಕುವವರು, ಏಕೀಕರಣದ ಬಗ್ಗೆ ಕೆಲಸ ಮಾಡುವವರು ದೆಹಲಿಯ ಪ್ರವಾಸದಲ್ಲಿ ಒಂದೆರಡು ದಿನ ಅದಕ್ಕೂ ಇಟ್ಟುಕೊಳ್ಳಬೇಕು.

ಅಜ್ಜನ ಹೆಸರು ಸಿಗುತ್ತದೆಯೇ

ಸ್ವಾತಂತ್ರ್ಯ ಹೋರಾಟಗಾರರ ಕುಟುಂಬದವರಿಗೆ ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು. ಉಪ್ಪಿನ ಸತ್ಯಾಗ್ರಹದಲ್ಲೋ 1942ರಲ್ಲೋ ಆರು ತಿಂಗಳು ಜೈಲಿನಲ್ಲಿದ್ದ ಊರಿನ ಒಬ್ಬ ಸತ್ಯಾಗ್ರಹಿಯ ಹೆಸರು ದೆಹಲಿಯಲ್ಲಿ ಸಿಗುವ ಸಾಧ್ಯತೆ ಕಡಿಮೆ. ಭಾರತ ಸರ್ಕಾರದ ಗೃಹ ಇಲಾಖೆಗೆ ಪ್ರಾಂತ್ಯಗಳಿಂದ ಹದಿನೈದು ದಿನಕ್ಕೊಮ್ಮೆ ರಾಜಕೀಯ ವರದಿ ಬರುತ್ತಿತ್ತು. ಈ ಪಾಕ್ಷಿಕ ವರದಿಗಳು ಗೃಹ ಇಲಾಖೆಯ ಪೊಲಿಟಿಕಲ್ ಶಾಖೆಯಲ್ಲಿವೆ, ಜಿಲ್ಲೆಯಲ್ಲಿ ಆ ವಾರ ಏನು ನಡೆಯಿತು ಎಂದು ತಿಳಿಯಲು ಅವು ಬಹಳ ಉಪಯುಕ್ತ. ಆದರೆ ಅವುಗಳಲ್ಲಿ ಬರುವುದು ನಾಯಕರ ಹೆಸರು, ಬಂಧಿತರ ಸಂಖ್ಯೆ.

ಹೆಸರು ಬೇಕೆಂದರೆ ಕೆಳಗಿನ ಕಚೇರಿಗೇ ಹೋಗಬೇಕು. ಅಂಕೋಲಾ, ಧಾರವಾಡ, ಬೆಳಗಾವಿಯವರಾದರೆ ಮುಂಬೈ ಪತ್ರಾಗಾರದಲ್ಲಿರುವ ಬಾಂಬೆ ಸರ್ಕಾರದ ಗೃಹ ಇಲಾಖೆಯ ಸ್ಪೆಷಲ್ ಶಾಖೆಯ ಕಡತಗಳು. ಮಂಗಳೂರಿನವರಾದರೆ ಚೆನ್ನೈ. ವಿದುರಾಶ್ವತ್ಥ, ಶಿವಪುರ, ಈಸೂರಿನಂಥ ಮೈಸೂರು ಸಂಸ್ಥಾನದ ಘಟನೆಗಳಾದರೆ ಬೆಂಗಳೂರು. ಅದರ ಜೊತೆಗೆ ರೆಸಿಡೆಂಟ್ ಏನು ವರದಿ ಮಾಡಿದ ಎಂದು ನೋಡಲು ಮಾತ್ರ ದೆಹಲಿ. ಇವೆಲ್ಲಕ್ಕೂ ಮೊದಲು ಆ ಕಾಲದ ಜೈಲು ಯಾವುದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅಗತ್ಯ. ಹಿಂಡಲಗಾ, ಯರವಡಾ ಎಂಬ ಒಂದು ಪದ ಸಿಕ್ಕರೂ ಹುಡುಕಾಟ ಹತ್ತು ಪಟ್ಟು ಹಗುರಾಗುತ್ತದೆ. ಅಜ್ಜನ ಹೆಸರನ್ನು ಪೊಲೀಸರು ತಂದೆಯ ಹೆಸರು ಮತ್ತು ಊರಿನೊಂದಿಗೆ ಬರೆದಿರಬಹುದು, ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಲ್ಲಿ ಹುಡುಕಿದರೆ ಸಿಗದು.

ಕಡತ ಕೊನೆಗೂ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಓದುವುದಲ್ಲ; ಮೇಲಿನ ರಟ್ಟಿನ ಮೇಲಿರುವುದನ್ನೆಲ್ಲ ಬರೆದುಕೊಳ್ಳುವುದು. ಇಲಾಖೆ, ಶಾಖೆ, 'ಎ'ಯೋ 'ಬಿ'ಯೋ, ತಿಂಗಳು, ವರ್ಷ, ಸಂಖ್ಯೆ. ಆಮೇಲೆ ಪ್ರತಿ ಪತ್ರಕ್ಕೂ ಬರೆದವರು ಯಾರು, ಯಾರಿಗೆ, ಯಾವ ತಾರೀಖು, ಎಷ್ಟನೇ ಪುಟ. ಸ್ಕ್ಯಾನ್ ಪ್ರತಿ ತರಿಸಿದರೆ ಅದೇ ವಿವರವನ್ನು ಫೈಲಿನ ಹೆಸರಾಗಿ ಕೊಡಬೇಕು. 'ಸ್ಕ್ಯಾನ್ 1', 'ಸ್ಕ್ಯಾನ್ 2' ಎಂದು ಲ್ಯಾಪ್‌ಟಾಪ್‌ನಲ್ಲಿ ಬಿದ್ದಿರುವ ಮುನ್ನೂರು ಪುಟಗಳಲ್ಲಿ ಯಾವುದು ಯಾವ ಕಡತದ್ದು ಎಂದು ಆರು ತಿಂಗಳ ನಂತರ ಹೈದರಾಬಾದ್‌ನಲ್ಲೋ ಪುಣೆಯಲ್ಲೋ ಕುಳಿತು ಹೇಳಲು ಬರುವುದಿಲ್ಲ. ಸಂಖ್ಯೆ ಇಲ್ಲದ ಪುಟವನ್ನು ಪ್ರಬಂಧದಲ್ಲಿ ಉಲ್ಲೇಖಿಸಲೂ ಆಗದು, ಪಿಂಚಣಿ ಕಚೇರಿಯ ಮುಂದೆ ಇಡಲೂ ಆಗದು.